ಇಂಪ್ಲಾಂಟ್ ಹಾಕಿದ ಮಗುಗೆ ನಮ್ ಕನ್ನಡ ಹೇಗೆ ಕೇಳ್ಸುತ್ತೆ? ಮನೇಲೇ ಮಾಡಿ ಕೇಳಿ ನೋಡಿ

ನನ್ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದ್ರೆ ಕಿವಿ ಕೇಳದೋರಿಗೆ ಆಪರೇಶನ್ ಮಾಡಿ ಒಳಕಿವಿಗೆ ಹಾಕೋ ಸಾಧನ, ಸ್ವಿಚ್ ಆನ್ ಆಗಿ ಸುಮಾರು ಒಂದು ವರ್ಷ ಆಗಿತ್ತು. ಒಂದಿನ ಮಧ್ಯಾಹ್ನ ಊಟಕ್ಕೆ ಕೂತಿದ್ವಿ, ನಮ್ಮಮ್ಮ ಸೌಟು ಹಿಡ್ಕೊಂಡು ಅವಳ ಹಿಂದಿಂದ ಬಂದು "ಹುಳಿ ಬೇಕಾ ಪುಟ್ಟಿ" ಅಂದ್ರು. ಅವಳು ಎರಡೂ ಕೈ ಪಂಜಾ ಮಾಡಿ ತೋರ್ಸಿ ಗರ್ರ್ ಅಂದ್ಳು. ಹಿಂದಿನ ವಾರ ತಾನೇ ಮೈಸೂರು ಝೂಗೆ ಹೋಗಿ ಹುಲಿ ನೋಡ್ಕೊಂಡು ಬಂದಿದ್ವಿ. ಅಮ್ಮಂಗೆ ಕಣ್ಣಲ್ಲಿ ನೀರು, ಮೊಮ್ಮಗಳು ಬೆನ್ನ ಹಿಂದೆ ಆಡಿದ ಮಾತು ಕೇಳಿಸ್ಕೊಂಡು ತಿರುಗಿ ಉತ್ತರ ಕೊಟ್ಟಳಲ್ಲ ಅಂತ. ನನ್ ತಲೇಲಿ ಮಾತ್ರ ಬೇರೆ ಪ್ರಶ್ನೆ ಕೂತ್ಬಿಡ್ತು. ಹುಲಿ-ಹುಳಿ ಗೊತ್ತಾಗಲ್ಲ, ಆದ್ರೆ ಹಾಲು-ಹಲ್ಲು ಒಂದು ದಿನಾನೂ ತಪ್ಪಿಲ್ಲ. ಕತೆ ಅಂದ್ರೆ ಪುಸ್ತಕ ತರ್ತಾಳೆ, ಕತ್ತೆ ಅಂದ್ರೆ ನಗ್ತಾಳೆ. ಒಂದು ಸಲೀಸು, ಇನ್ನೊಂದು ಯಾಕೆ ಅಷ್ಟು ಕಷ್ಟ?

ಇದಕ್ಕೆ ಉತ್ತರ ಪುಸ್ತಕದಲ್ಲಿ ಓದೋದಕ್ಕಿಂತ ಕಿವೀಲಿ ಕೇಳಿದ್ರೇನೇ ಅರ್ಥ ಆಗೋದು. ಅದಕ್ಕೆ ಒಂದು ದಾರಿ ಇದೆ, ಲ್ಯಾಪ್‌ಟಾಪು, ಇಯರ್‌ಫೋನು, ಒಂದು ಭಾನುವಾರ ಸಾಕು. ರಿಸರ್ಚ್ ಮಾಡೋರು ಇದನ್ನ ವೋಕೋಡರ್ ಸಿಮ್ಯುಲೇಶನ್ ಅಂತಾರೆ. ಇಂಪ್ಲಾಂಟಿನ ಪ್ರೊಸೆಸರ್, ಅಂದ್ರೆ ಕಿವಿ ಮೇಲೆ ಹಾಕ್ಕೊಳೋ ಮೈಕ್ ಇರೋ ಭಾಗ, ಮಾತನ್ನ ಹೇಗೆ ಸೋಸುತ್ತೋ ಅದೇ ಥರ ನಾವು ಸೋಸಿ ನಮ್ಮ ಕಿವಿಗೆ ಹಾಕ್ಕೊಳೋದು. ಮನೇಲಿ ಇಂಪ್ಲಾಂಟ್ ಹಾಕಿದ ಮಗು ಇರೋರು, ಟೀಚರ್‌ಗಳು, ಅಜ್ಜಿ ತಾತ, ಎಲ್ರೂ ಒಂದ್ಸಲ ಮಾಡ್ಲೇಬೇಕು ಅಂತ ನನ್ ಆಸೆ.

ಮೊದ್ಲು ಪ್ರೊಸೆಸರ್ ಒಳಗೆ ಏನಾಗುತ್ತೆ ಅಂತ ಸ್ವಲ್ಪ ತಿಳ್ಕೊಳಿ, ಇಲ್ಲಾಂದ್ರೆ ಮುಂದಿನ ಹೆಜ್ಜೆಗಳು ಬರೀ ಮಗ್ಗಿ ಥರ ಅನ್ಸುತ್ತೆ. ಚೆನ್ನಾಗಿರೋ ಕಿವೀಲಿ ಕಾಕ್ಲಿಯಾ ಅನ್ನೋ ಬಸವನಹುಳದ ಚಿಪ್ಪಿನಂಥ ಕೊಳವೆ ಇರುತ್ತೆ, ಅದರೊಳಗೆ ಸುಮಾರು 3,500 ಒಳಸಾಲಿನ ಕೂದಲಕೋಶಗಳು, ಒಂದೊಂದೂ ತನ್ನ ಜಾಗಕ್ಕೆ ತಕ್ಕ ಸ್ವರಕ್ಕೆ ಮಿಡಿಯುತ್ತೆ, ಬುಡದಲ್ಲಿ ಕೀಚಲು ಸ್ವರ, ತುದೀಲಿ ದಪ್ಪ ಸ್ವರ. ಈ ಕೋಶಗಳು ಹಾಳಾದಾಗ ಅವುಗಳ ಕೆಲಸಾನ ಒಂದು ತೆಳ್ಳನೆ ಎಳೆ ಮೇಲಿರೋ ಎಲೆಕ್ಟ್ರೋಡ್‌ಗಳು ಮಾಡ್ಬೇಕು. ಎಷ್ಟು ಎಲೆಕ್ಟ್ರೋಡು? ಕಾಕ್ಲಿಯರ್ ಕಂಪ್ನಿದಾದ್ರೆ 22, ಅಡ್ವಾನ್ಸ್ಡ್ ಬಯೋನಿಕ್ಸ್‌ದು 16, ಮೆಡೆಲ್‌ದು 12 ಚಾನೆಲ್. 3,500 ಎಲ್ಲಿ, 22 ಎಲ್ಲಿ. ಅದೂ ಸಾಲ್ದು ಅಂತ ಒಳಗಡೆ ಇರೋದು ಉಪ್ಪುನೀರಿನಂಥ ದ್ರವ, ಒಂದು ಎಲೆಕ್ಟ್ರೋಡಿಂದ ಹೊರಟ ಕರೆಂಟು ಪಕ್ಕದವರ ಜಾಗಕ್ಕೂ ಹರಡುತ್ತೆ. ಹಂಗಾಗಿ 22 ಇದ್ರೂ 22 ಬೇರೆ ಬೇರೆ ಚಾನೆಲ್ ಅಂತ ಮೆದುಳಿಗೆ ತಲುಪಲ್ಲ. 2001ರಲ್ಲಿ ಫ್ರೀಸೆನ್, ಶ್ಯಾನನ್ ಮತ್ತೆ ಅವರ ಜೊತೆಯವರು ತೋರ್ಸಿದ್ದು ಇದನ್ನೇ, ಎಲೆಕ್ಟ್ರೋಡ್ ಸಂಖ್ಯೆ ಹೆಚ್ಚು ಮಾಡ್ತಾ ಹೋದ್ರೆ ಇಂಪ್ಲಾಂಟ್ ಬಳಸೋರಿಗೆ ಸುಮಾರು 8ರ ಹತ್ರ ಬಂದಾಗ ಲಾಭ ನಿಂತೋಗುತ್ತೆ, ಅದೇ ಮಾಮೂಲಿ ಕಿವಿಯವರಿಗೆ ಸಿಮ್ಯುಲೇಶನ್ನಲ್ಲಿ 20 ಚಾನೆಲ್‌ವರೆಗೂ ಸುಧಾರಿಸ್ತಾನೇ ಹೋಗುತ್ತೆ.

ಇಷ್ಟು ಕಮ್ಮಿ ಚಾನೆಲಲ್ಲಿ ಮಾತು ಅರ್ಥ ಆಗೋದಾದ್ರೂ ಹೇಗೆ? ಅಮೆರಿಕದ ಬ್ಲೇಕ್ ವಿಲ್ಸನ್ ತಂಡ 1991ರಲ್ಲಿ ಪ್ರಕಟ ಮಾಡಿದ ಸಿಐಎಸ್ ಅನ್ನೋ ವಿಧಾನ ಇದಕ್ಕೆ ದೊಡ್ಡ ತಿರುವು. ಮಾತನ್ನ ಕೆಲವು ಪಟ್ಟಿಗಳಾಗಿ ಸೀಳೋದು, ಒಂದೊಂದು ಪಟ್ಟೀಲೂ ಸದ್ದು ಹೇಗೆ ಏರುತ್ತೆ ಹೇಗೆ ಇಳಿಯುತ್ತೆ ಅನ್ನೋ ಹೊರರೇಖೆ ಮಾತ್ರ ಇಟ್ಕೊಳೋದು, ಒಳಗಿನ ಸಣ್ಣ ಸಣ್ಣ ಅಲೆಗಳನ್ನ ಬಿಟ್ಬಿಡೋದು, ಆ ಹೊರರೇಖೆಗೆ ತಕ್ಕ ಹಾಗೆ ಪ್ರತಿ ಎಲೆಕ್ಟ್ರೋಡಿಗೆ ಪುಟ್ಟ ಪುಟ್ಟ ಕರೆಂಟ್ ಮಿಡಿತ ಕಳಿಸೋದು, ಎರಡು ಎಲೆಕ್ಟ್ರೋಡು ಒಂದೇ ಕ್ಷಣಕ್ಕೆ ಮಿಡೀದೇ ಇರೋ ಹಾಗೆ ಸರದಿ ಹಾಕೋದು. ಆಮೇಲೆ 1995ರಲ್ಲಿ ರಾಬರ್ಟ್ ಶ್ಯಾನನ್ ಮತ್ತವರ ತಂಡದವರು ಮಾಮೂಲಿ ಕಿವಿಯವರಿಗೇ ಇಂಥ ಹೊರರೇಖೆ ಮಾತ್ರ ಇರೋ ಮಾತು ಕೇಳ್ಸಿದ್ರು. ನಾಲ್ಕೇ ನಾಲ್ಕು ಪಟ್ಟಿ ಇದ್ರೂ, ಗದ್ದಲ ಇಲ್ದೇ ಇರೋ ಕಡೆ, ಸ್ವಲ್ಪ ಅಭ್ಯಾಸ ಆದ್ಮೇಲೆ ವಾಕ್ಯಗಳು ಚೆನ್ನಾಗೇ ಅರ್ಥ ಆದ್ವು. ನಾವು ಮನೇಲಿ ಮಾಡೋಕೆ ಹೊರಟಿರೋದು ಈ ಪ್ರಯೋಗಾನೇ, ಕನ್ನಡದಲ್ಲಿ.

ಈಗ ಕೆಲಸಕ್ಕೆ ಬರೋಣ. ರೆಕಾರ್ಡಿಂಗಿಂದ ಶುರು ಮಾಡಿ. ಫೋನಿನ ರೆಕಾರ್ಡರ್ ಸಾಕು, ಆದ್ರೆ ವೇವ್ ಫೈಲಾಗಿ ಸೇವ್ ಆಗೋ ಹಾಗೆ ಸೆಟ್ ಮಾಡ್ಕೊಳಿ, ವಾಟ್ಸ್ಯಾಪ್ ವಾಯ್ಸ್ ನೋಟ್ ಬೇಡ, ಅದು ಕಂಪ್ರೆಸ್ ಆಗಿರುತ್ತೆ, ನಾವು ಸೋಸೋಕೆ ಮುಂಚೇನೇ ಅದು ಒಂದ್ಸಲ ಸೋಸಿರುತ್ತೆ. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಬಾಯಿಂದ ಒಂದು ಗೇಣು ದೂರ ಇಟ್ಕೊಂಡು ಮಾಮೂಲಿ ದನೀಲಿ ಮಾತಾಡಿ. ಮಗು ದಿನಾ ಯಾರ ದನಿ ಜಾಸ್ತಿ ಕೇಳುತ್ತೋ ಅವರೇ ಹೇಳಿದ್ರೆ ಒಳ್ಳೇದು, ನಮ್ಮನೇಲಿ ಅಮ್ಮ ಹೇಳಿದ್ರು.

ಏನು ಹೇಳ್ಬೇಕು ಅನ್ನೋದು ಬಹಳ ಮುಖ್ಯ. ಮೂರು ಗುಂಪು ಮಾಡ್ಕೊಳಿ. ಒಂದು, ಉದ್ದ-ಗಿಡ್ಡದಿಂದ ಅರ್ಥ ಬದಲಾಗೋ ಜೋಡಿಗಳು: ಹಾಲು-ಹಲ್ಲು, ಕತೆ-ಕತ್ತೆ, ಬಳೆ-ಬಾಳೆ, ಕಾಲು-ಕಲ್ಲು. ಎರಡು, ನಾಲಿಗೆ ಎಲ್ಲಿ ತಾಗುತ್ತೆ ಅನ್ನೋದ್ರಿಂದ ಬದಲಾಗೋವು: ಹುಲಿ-ಹುಳಿ, ಮನೆ-ಮಣೆ, ಅನ್ನ-ಅಣ್ಣ, ಎಲೆ-ಎಳೆ, ಹಾಲು-ಹಾಳು. ಮೂರು, ಮನೇಲಿ ದಿನಾ ಆಡೋ ವಾಕ್ಯಗಳು, ಊಟ ಆಯ್ತಾ, ಚಪ್ಪಲಿ ಹಾಕ್ಕೋ, ಅಜ್ಜಿ ಎಲ್ಲಿ, ಅಂಥವು ಒಂದಿಪ್ಪತ್ತು. ಆಡಿಯಾಲಜಿಸ್ಟ್, ಅಂದ್ರೆ ಕಿವಿ ಎಷ್ಟು ಕೇಳ್ಸುತ್ತೆ ಅಂತ ಪರೀಕ್ಷೆ ಮಾಡೋರು, ಅವರ ಹತ್ರ ಟೆಸ್ಟಿಗೆ ಬಳಸೋ ಪದಪಟ್ಟಿ ಇರುತ್ತೆ, ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ರೂ ಆಯಿಷ್ ಅನ್ನೋದು, ಅಲ್ಲೇ ಕನ್ನಡಕ್ಕೆ ಅಂತಾನೇ ಅಂಥ ಪಟ್ಟಿ ಮಾಡಿದಾರೆ, ಅದನ್ನ ಮಾತ್ರ ಮನೆ ಅಭ್ಯಾಸಕ್ಕೆ ಎಳ್ಕೊಬೇಡಿ. ಮಗು ಆ ಪದಗಳನ್ನ ಬಾಯಿಪಾಠ ಮಾಡ್ಕೊಂಡ್ರೆ ಮುಂದಿನ ಟೆಸ್ಟಲ್ಲಿ ಕಿವಿ ಎಷ್ಟು ಸುಧಾರಿಸಿದೆ ಅಂತ ಯಾರಿಗೂ ಗೊತ್ತಾಗಲ್ಲ.

ಇನ್ನು ಸೋಸೋದು. ಪೈಥಾನ್ ಬರುತ್ತೆ ಅನ್ನೋರಿಗೆ ನಂಪೈ ಸೈಪೈ ಇದ್ರೆ ಅರ್ಧ ಗಂಟೆ ಕೆಲಸ, ಬರದೇ ಇರೋರು ಪರಿಚಯದ ಇಂಜಿನಿಯರಿಂಗ್ ಹುಡುಗ್ರಿಗೆ ಈ ಪ್ಯಾರಾ ಓದಿ ಹೇಳಿ, ಮಾಡ್ಕೊಡ್ತಾರೆ. 200ರಿಂದ 7000 ಹರ್ಟ್ಜ್‌ವರೆಗಿನ ಸದ್ದನ್ನ ಪಟ್ಟಿಗಳಾಗಿ ಸೀಳ್ಬೇಕು. ನಾಲ್ಕು ಪಟ್ಟಿ ಬೇಕಂದ್ರೆ ಗಡಿಗಳು 200, 486, 1183, 2878, 7000. ಎಂಟು ಬೇಕಂದ್ರೆ 200, 312, 486, 759, 1183, 1845, 2878, 4488, 7000. ಕಿವಿ ಸ್ವರಗಳನ್ನ ಅಳೆಯೋದು ಕೂಡೋ ಲೆಕ್ಕದಲ್ಲಲ್ಲ ಗುಣಿಸೋ ಲೆಕ್ಕದಲ್ಲಿ, ಅದಕ್ಕೇ ಪಟ್ಟಿಗಳು ಮೇಲೆ ಹೋದಂಗೆ ಅಗಲ ಆಗ್ತಾ ಹೋಗಿರೋದು. ಹದಿನಾರು ಬೇಕಂದ್ರೂ ಇದೇ ಗುಣಿಸೋ ಲೆಕ್ಕ, ಎಂಟರ ಒಂದೊಂದು ಪಟ್ಟೀನೂ ಎರಡಾಗುತ್ತೆ. ಪ್ರತಿ ಪಟ್ಟಿಗೂ ಒಂದು ಬಟರ್‌ವರ್ತ್ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿ. ಇಲ್ಲಿ ನಾನು ಎರಡು ಸಂಜೆ ಕಳ್ಕೊಂಡಿದೀನಿ, ಕೆಳಗಿನ ಪಟ್ಟಿಗಳು ತುಂಬಾ ಕಿರಿದು, ಫಿಲ್ಟರನ್ನ ಮಾಮೂಲಿ ಗುಣಾಂಕಗಳ ರೂಪದಲ್ಲಿ ತಗೊಂಡ್ರೆ ಲೆಕ್ಕ ಕೆಟ್ಟು ಫೈಲ್ ಪೂರ್ತಿ ಚೀರಾಟ ಬರುತ್ತೆ, ಎಸ್‌ಒಎಸ್ (ಸೆಕೆಂಡ್ ಆರ್ಡರ್ ಸೆಕ್ಷನ್ಸ್) ರೂಪದಲ್ಲಿ ತಗೊಳಿ, ಸರಿಹೋಗುತ್ತೆ.

ಪಟ್ಟಿ ಸೀಳಿದ್ಮೇಲೆ ಪ್ರತಿಯೊಂದರದ್ದೂ ಋಣ ಭಾಗಾನ ಧನ ಮಾಡಿ, ಅಂದ್ರೆ ಆಬ್ಸೊಲ್ಯೂಟ್ ವ್ಯಾಲ್ಯೂ ತಗೊಳಿ, 160 ಹರ್ಟ್ಜ್ ಲೋ ಪಾಸ್ ಫಿಲ್ಟರಲ್ಲಿ ನುಣ್ಣಗೆ ಮಾಡಿ. ಇದೇ ಹೊರರೇಖೆ. ಆಮೇಲೆ ಅಷ್ಟೇ ಉದ್ದದ ಬಿಳಿ ಗದ್ದಲ, ಟಿವಿ ಸ್ಟೇಷನ್ ಹೋದಾಗ ಸ್ಸ್ ಅಂತಿತ್ತಲ್ಲ ಅದು, ಕಂಪ್ಯೂಟರಲ್ಲೇ ಹುಟ್ಸಿ ಅದನ್ನ ಹೊರರೇಖೆಯಿಂದ ಗುಣಿಸಿ, ಗುಣಿಸಿದ್ದನ್ನ ಅದೇ ಪಟ್ಟಿಯ ಫಿಲ್ಟರಲ್ಲಿ ಇನ್ನೊಂದ್ಸಲ ಹಾಯ್ಸಿ. ಮೂಲ ಪಟ್ಟಿಯಲ್ಲಿ ಎಷ್ಟು ಶಕ್ತಿ ಇತ್ತೋ ಅಷ್ಟೇ ಇರೋ ಹಾಗೆ ಹೊಂದ್ಸಿ, ಎಲ್ಲಾ ಪಟ್ಟಿ ಕೂಡಿಸಿ, ಕೊನೇಲಿ ಅತಿ ದೊಡ್ಡ ಬೆಲೆಯಿಂದ ಭಾಗಿಸಿ ಸೇವ್ ಮಾಡಿ, ಇಲ್ಲಾಂದ್ರೆ ಒಡೆದ ಸ್ಪೀಕರ್ ಥರ ಕೇಳ್ಸುತ್ತೆ. ನಾಲ್ಕರದ್ದು ಒಂದು, ಎಂಟರದ್ದು ಒಂದು, ಹದಿನಾರರದ್ದು ಒಂದು, ಹೀಗೆ ಮೂರು ಸೆಟ್ ಮಾಡಿಟ್ಕೊಳಿ.

ಸರಿಯಾಗಿದ್ಯಾ ಅಂತ ನೋಡೋಕೆ ಸುಲಭ ದಾರಿ, ಲಿಂಗ್ ಆರು ಸದ್ದುಗಳು. ದಪ್ಪ ಸ್ವರದಿಂದ ಕೀಚಲು ಸ್ವರದವರೆಗೆ ಮಗುಗೆ ಕೇಳಿಸ್ತಿದ್ಯಾ ಅಂತ ನೋಡೋಕೆ ಬಳಸೋವು, ಕೇಳೋದು ಕಲಿಸೋ ಥೆರಪಿಗೆ ಹೋಗೋ ಎಲ್ಲಾ ಪೇರೆಂಟ್ಸ್‌ಗೂ ಇದು ಗೊತ್ತು, ಮ್, ಊ, ಆ, ಈ, ಶ್, ಸ್. ಇವನ್ನೂ ರೆಕಾರ್ಡ್ ಮಾಡಿ ಸೋಸಿ. ಎಂಟು ಪಟ್ಟೀಲಿ ಊ ಅಂದಾಗ ಶಕ್ತಿ ಕೆಳಗಿನ ಪಟ್ಟಿಗಳಲ್ಲೇ ಇರ್ಬೇಕು, ಸ್ ಅಂದಾಗ ಮೇಲಿನದ್ದರಲ್ಲಿ. ಸ್ ಕೇಳಿಸ್ತಾನೇ ಇಲ್ಲ ಅಂದ್ರೆ ನಿಮ್ಮ ರೆಕಾರ್ಡಿಂಗಲ್ಲೇ ಮೇಲಿನ ಸ್ವರ ಹೋಗಿದೆ ಅಂತ ಅರ್ಥ, ಮತ್ತೆ ರೆಕಾರ್ಡ್ ಮಾಡಿ.

ಕೇಳೋವಾಗ ಒಂದು ವಿಷ್ಯ ತಲೇಲಿರ್ಲಿ. ಫೈಲ್ ಮಾಡಿದೋರು ಟೆಸ್ಟ್ ತಗೊಳೋ ಹಾಗಿಲ್ಲ. ಯಾಕಂದ್ರೆ ಏನು ಹೇಳಿದೆ ಅಂತ ಗೊತ್ತಿದ್ರೆ ಆ ಗದ್ದಲದೊಳಗಿಂದ ಮಾತು ಎದ್ದು ಬಂದ್ಬಿಡುತ್ತೆ. ನಾಲ್ಕು ಪಟ್ಟಿಯ "ಊಟ ಆಯ್ತಾ" ನನಗೆ ಸ್ಫಟಿಕದ ಹಾಗೆ ಕೇಳಿಸ್ತಿತ್ತು, ನನ್ ತಮ್ಮಂಗೆ ಹಾಕಿದ್ರೆ ಅವನು ಯಾರೋ ಗುಸುಗುಸು ಅಂತಿದಾರೆ ಅಷ್ಟೇ ಅಂದ. ನಾನು ಬಾಯ್ಬಿಟ್ಟು ವಾಕ್ಯ ಹೇಳಿ ಮತ್ತೆ ಹಾಕ್ದೆ, ಅವನು ಇಯರ್‌ಫೋನ್ ಕಿತ್ತು ನನ್ ಮುಖ ನೋಡ್ದ, ಫೈಲ್ ಬದಲಾಯ್ಸಿದ್ಯಾ ಅಂತ. ಬದಲಾಯ್ಸಿರ್ಲಿಲ್ಲ. ಹಂಗಾಗಿ ಒಬ್ರು ಪ್ಲೇ ಮಾಡಿ, ಇನ್ನೊಬ್ರು ಕಣ್ಮುಚ್ಚಿ ಕೇಳಿ ಬರೀಲಿ, ಪದಗಳ ಕ್ರಮ ಕಲಸಿ ಹಾಕಿ, ಜೋಡೀಲಿ ಯಾವುದು ಅಂತ ಊಹೆ ಮಾಡ್ಬೇಡಿ ಕೇಳಿಸಿದ್ದನ್ನ ಬರೀರಿ ಅನ್ನಿ.

ಬರೆದಿದ್ದನ್ನ ತಗೊಂಡು ಕೂತಾಗ ನಮ್ಮನೇಲಿ ಉತ್ತರ ಸಿಕ್ತು. ನಾಲ್ಕು ಪಟ್ಟೀಲೂ ಹಾಲು-ಹಲ್ಲು ಯಾರೂ ತಪ್ಪಲಿಲ್ಲ, ಕತೆ-ಕತ್ತೆನೂ ಅಷ್ಟೇ. ಯಾಕಂದ್ರೆ ಅಲ್ಲಿರೋ ವ್ಯತ್ಯಾಸ ಹೊತ್ತಿಂದು. ಒತ್ತಕ್ಷರದಲ್ಲಿ ನಾಲಿಗೆ ಒಂದು ಕ್ಷಣ ಜಾಸ್ತಿ ಅಂಟ್ಕೊಂಡಿರುತ್ತೆ, ದೀರ್ಘದಲ್ಲಿ ಸ್ವರ ಉದ್ದ ಎಳೆಯುತ್ತೆ, ಇವೆರಡೂ ಹೊರರೇಖೆಯಲ್ಲಿ ಹಾಗೇ ಉಳಿಯುತ್ತೆ. ಆದ್ರೆ ಲ-ಳ, ನ-ಣ ವ್ಯತ್ಯಾಸ ಹೊತ್ತಿಂದಲ್ಲ, ನಾಲಿಗೆ ತುದಿ ಹಿಂದಕ್ಕೆ ಮಡಚಿದಾಗ ಬಾಯೊಳಗಿನ ಮೂರನೇ ಅನುರಣನ, ಅಂದ್ರೆ ದನಿ ಜೋರಾಗಿ ಮೊಳಗೋ ಹರ್ಟ್ಜ್‌ಗಳಲ್ಲಿ ಕೆಳಗಿಂದ ಮೂರನೇದು, ಕೆಳಗಿಳಿಯುತ್ತೆ, ಅದು ಶಕ್ತಿ ಎಷ್ಟು ಹರ್ಟ್ಜ್‌ನ ಹತ್ರ ಇದೆ ಅನ್ನೋ ಸೂಕ್ಷ್ಮ ವಿಷಯ. ನಾಲ್ಕು ಪಟ್ಟೀಲಿ ಆ ಇಳಿಕೆ ಒಂದೇ ಪಟ್ಟಿಯೊಳಗೆ ಮುಳುಗಿಹೋಗುತ್ತೆ. ಎಂಟರಲ್ಲೂ ನಮ್ಮಲ್ಲಿ ಹುಲಿ-ಹುಳಿ ಕಲಸ್ಕೊಂಡೇ ಇತ್ತು. ಹದಿನಾರಕ್ಕೆ ಹೋದಾಗ ಮಾತ್ರ ಅಮ್ಮ "ಈಗ ಹುಳಿ ಅಂತು ನೋಡು" ಅಂದ್ರು. ಮಗಳ ಗಮನ ಸಾಲ್ದು, ಸರಿಯಾಗಿ ಕೇಳಿಸ್ಕೊಳಲ್ಲ ಅಂತ ಬೈತಿದ್ದ ನಮ್ಮಮ್ಮ ಆವತ್ತಿಂದ ಒಂದು ದಿನಾನೂ ಹಾಗೆ ಅಂದಿಲ್ಲ.

ಎರಡನೇ ಸುತ್ತು ಗದ್ದಲದ್ದು, ಇದನ್ನ ಬಿಡ್ಬೇಡಿ. ಮಿಕ್ಸಿ ಸದ್ದು, ಸೀಲಿಂಗ್ ಫ್ಯಾನ್, ಪಕ್ಕದ ರೂಮಿನ ಟಿವಿ, ಇವನ್ನ ರೆಕಾರ್ಡ್ ಮಾಡಿ, ಸೋಸೋಕೆ ಮುಂಚೆ ಮಾತಿನ ಫೈಲ್ ಜೊತೆ ಕೂಡಿಸಿ, ಆಮೇಲೆ ಎಂಟು ಪಟ್ಟೀಲಿ ಸೋಸಿ. ಕ್ರಮ ಹಿಂದುಮುಂದು ಆಗ್ಬಾರ್ದು, ಪ್ರೊಸೆಸರಿನ ಮೈಕಿಗೆ ಎರಡೂ ಒಟ್ಟಿಗೇ ತಾನೇ ಬೀಳೋದು. ಮಾಮೂಲಿ ಫೈಲಲ್ಲಿ ಮಾತೂ ಮಿಕ್ಸೀನೂ ಆರಾಮಾಗಿ ಬೇರೆ ಬೇರೆ ಕೇಳ್ಸುತ್ತೆ, ಸೋಸಿದ್ದರಲ್ಲಿ ಎರಡೂ ಒಂದೇ ಹಿಟ್ಟಾಗಿರುತ್ತೆ. ದನಿಯ ಏರಿಳಿತ, ಆ ಒಳಗಿನ ಸಣ್ಣ ಅಲೆಗಳು ಇದ್ದಿದ್ರೆ ಅದನ್ನ ಹಿಡ್ಕೊಂಡು ಕಿವಿ ಬೇರೆ ಮಾಡ್ತಿತ್ತು, ಅದನ್ನೇ ಬಿಟ್ಬಿಟ್ಟಿದೀವಲ್ಲ. 2002ರಲ್ಲಿ ಸ್ಮಿತ್, ಡೆಲ್ಗಟ್, ಆಕ್ಸೆನ್‌ಹ್ಯಾಮ್ ಒಂದು ಮಾತಿನ ಹೊರರೇಖೆಗೆ ಇನ್ನೊಂದರ ಒಳ ಅಲೆ ಅಂಟಿಸಿ ಕೇಳಿಸಿದ್ರು, ಜನಕ್ಕೆ ಮಾತು ಸಿಕ್ಕಿದ್ದು ಹೊರರೇಖೆಯಿಂದ, ರಾಗ ಮತ್ತೆ ಸದ್ದು ಯಾವ ದಿಕ್ಕಿಂದ ಬಂತು ಅನ್ನೋದು ಸಿಕ್ಕಿದ್ದು ಒಳ ಅಲೆಯಿಂದ. ಮಗಳಿಗೆ ಹಾಡಿನ ತಾಳ ಹಿಡಿಯೋಕೆ ಬರುತ್ತೆ, ರಾಗ ಕಷ್ಟ, ಅದಕ್ಕೂ ಇದೇ ಕಾರಣ. ಚೀನೀ ಭಾಷೇಲಿ ದನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗೋದು, ಅಲ್ಲಿನ ಮಕ್ಕಳಿಗೆ ಇದು ಇನ್ನೂ ದೊಡ್ಡ ಪೆಟ್ಟು. ನಮಗೆ ಒಂದು ಅನುಕೂಲ ಇದೆ, ಊಟ ಆಯ್ತು, ಊಟ ಆಯ್ತಾ, ಪ್ರಶ್ನೆ ಅನ್ನೋದು ಪದದ ಕೊನೇಲೇ ಕೂತಿರುತ್ತೆ, ದನಿ ಏರಿಸಿದ್ದು ಕೇಳ್ದೇ ಇದ್ರೂ ಆ ದೀರ್ಘ ಸಿಕ್ಕೇ ಸಿಗುತ್ತೆ. ಅದಕ್ಕೇ ಹೇಳೋದು, ಕೊನೆಯಕ್ಷರ ನುಂಗ್ಬೇಡಿ ಅಂತ.

ಇಷ್ಟು ಕೇಳಿದ್ಮೇಲೆ ಮನೇಲಿ ಮಾತಾಡೋ ರೀತಿ ಬದಲಾಯ್ಸ್ಕೊಳೋದು ತಾನಾಗೇ ಬರುತ್ತೆ, ಆದ್ರೂ ನಮಗೆ ಕೆಲಸ ಮಾಡಿದ್ದು ಹೇಳ್ತೀನಿ. ಹತ್ರ ಹೋಗಿ ಮಾತಾಡಿ, ಕೂಗ್ಬೇಡಿ. ದೂರ ಅರ್ಧ ಆದ್ರೆ ಬಯಲಲ್ಲಿ ಮಾತಿನ ಮಟ್ಟ 6 ಡೆಸಿಬಲ್ ಏರುತ್ತೆ, ಕೂಗಿದ್ರೆ ಸ್ವರಗಳು ಉಬ್ಬಿ ವ್ಯಂಜನಗಳು ಮುಚ್ಚಿಹೋಗುತ್ತೆ. ಮಿಕ್ಸಿ ಆಡೋವಾಗ ಏನೂ ಹೇಳ್ಬೇಡಿ, ನಿಲ್ಸಿ ಹೇಳಿ. ಒಂದೇ ಪದ ಒದರೋ ಬದ್ಲು ವಾಕ್ಯದಲ್ಲಿ ಇಡಿ, "ಹುಳಿ ಬೇಕಾ" ಅನ್ನೋ ಬದ್ಲು "ಅನ್ನಕ್ಕೆ ಹುಳಿ ಹಾಕ್ಲಾ", ಆಗ ಹುಲಿ ಬರೋಕೆ ಜಾಗಾನೇ ಇಲ್ಲ. ಯಾವ ಜೋಡಿ ಕಿವೀಲಿ ಕಷ್ಟ ಅಂತ ಕೇಳಿ ಬರೆದಿಟ್ಟ ಲಿಸ್ಟ್ ಹೇಳುತ್ತೆ, ಅವನ್ನ ಮೊದಮೊದಲು ಬರೀ ಕಿವೀಲಿ ಕಲಿಸೋಕೆ ಹೋಗಿ ಮಗು ಸೋಲೋ ಹಾಗೆ ಮಾಡ್ಬೇಡಿ, ಉದ್ದ-ಗಿಡ್ಡದ ಜೋಡಿಗಳಿಂದ ಶುರು ಮಾಡಿ, ಅಲ್ಲಿ ಗೆಲ್ಲುತ್ತೆ, ಆ ಧೈರ್ಯದ ಮೇಲೆ ಮುಂದಿನದು.

ಮತ್ತೆ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸಿದ್ದು ಇದು. ನನ್ ತಮ್ಮ ಫೈಲ್ ಬದಲಾಯ್ತಾ ಅಂದ್ನಲ್ಲ, ಅದನ್ನ 2005ರಲ್ಲಿ ಮ್ಯಾಟ್ ಡೇವಿಸ್ ಮತ್ತವರ ಜೊತೆಗಾರರು ಅಳತೆ ಮಾಡಿ ತೋರ್ಸಿದಾರೆ. ಸೋಸಿದ ವಾಕ್ಯ, ಆಮೇಲೆ ಸ್ಪಷ್ಟ ವಾಕ್ಯ, ಆಮೇಲೆ ಮತ್ತೆ ಸೋಸಿದ್ದು, ಈ ಕ್ರಮದಲ್ಲಿ ಕೇಳಿದೋರು ಸೋಸಿದ್ದನ್ನ ಎರಡು ಸಲ ಕೇಳಿ ಕೊನೇಲಿ ಸ್ಪಷ್ಟ ಕೇಳಿದೋರಿಗಿಂತ ಬೇಗ ಕಲಿತ್ರು. ಏನು ಅಂತ ಗೊತ್ತಾದ್ಮೇಲೆ ಇನ್ನೊಂದ್ಸಲ ಕೇಳ್ಬೇಕು, ಕಲಿಕೆ ಆಗೋದು ಆಗ. ಥೆರಪಿಯೋರು ಸ್ಯಾಂಡ್‌ವಿಚ್ ಅಂತ ಹೇಳ್ಕೊಡೋದೂ ಇದೇ, ಮೊದ್ಲು ಕೇಳ್ಸಿ, ಅರ್ಥ ಆಗ್ಲಿಲ್ವಾ ಕೈ ತೋರ್ಸಿ ಚಿತ್ರ ತೋರ್ಸಿ ತುಟಿ ತೋರ್ಸಿ, ಆಮೇಲೆ ಮತ್ತೆ ಬರೀ ಕಿವಿಗೆ ಕೇಳ್ಸಿ. ನಾವು ತಪ್ಪು ಮಾಡ್ತಿದ್ದಿದ್ದು ಮೂರನೇ ಹೆಜ್ಜೇಲಿ. ಚಿತ್ರ ತೋರ್ಸಿ ಅವಳಿಗೆ ಗೊತ್ತಾದ ತಕ್ಷಣ ಶಭಾಷ್ ಅಂತ ಮುಂದಿನ ಪದಕ್ಕೆ ಹೋಗ್ತಿದ್ವಿ, ಆ ಕೊನೇ ಒಂದ್ಸಲ ಬಿಟ್ಟೋಗ್ತಿತ್ತು. ಈಗ ಅಮ್ಮ ಬಟ್ಟಲಲ್ಲಿರೋ ಹುಳಿ ತೋರ್ಸಿ, ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು ಇನ್ನೊಂದ್ಸಲ "ಹುಳಿ" ಅಂತಾರೆ.

ಈ ಸಿಮ್ಯುಲೇಶನ್ ಕೇಳಿ ಮಗುಗೆ ಜೀವನ ಪೂರ್ತಿ ಹೀಗೆ ಗುಸುಗುಸು ಅಂತಾನೇ ಕೇಳ್ಸುತ್ತೆ ಅಂತ ಮಾತ್ರ ಅಳ್ಬೇಡಿ. ಒಂದು ಕಿವಿ ಚೆನ್ನಾಗಿದ್ದು ಇನ್ನೊಂದಕ್ಕೆ ಇಂಪ್ಲಾಂಟ್ ಹಾಕಿಸ್ಕೊಂಡೋರು ಇದಾರೆ, ಅವರು ಎರಡನ್ನೂ ಹೋಲಿಸಿ ಹೇಳ್ಬಲ್ರು, ಅರಿಝೋನಾದಲ್ಲಿ ಮೈಕಲ್ ಡಾರ್ಮನ್ ತಂಡ ಅಂಥೋರನ್ನ ಕೂರಿಸ್ಕೊಂಡು ಕೇಳಿದಾಗ ಈ ಗದ್ದಲದ ವೋಕೋಡರ್ ತಮಗೆ ಕೇಳೋ ಥರ ಇಲ್ಲ ಅನ್ನೋದೇ ಗೊತ್ತಾಯ್ತು. ಸಿಮ್ಯುಲೇಶನ್ ತೋರ್ಸೋದು ಯಾವ ಮಾಹಿತಿ ತಲುಪುತ್ತೆ ಯಾವುದು ತಲುಪಲ್ಲ ಅನ್ನೋದನ್ನ, ದನಿ ಹೇಗಿರುತ್ತೆ ಅನ್ನೋದನ್ನಲ್ಲ. ಅದೂ ಅಲ್ದೆ ಮೆದುಳು ಹೊಂದ್ಕೊಳುತ್ತೆ. 1999ರಲ್ಲಿ ಲಂಡನ್ನಿನ ಸ್ಟೂವರ್ಟ್ ರೋಸೆನ್ ತಂಡ ಸೋಸಿದ ಮಾತನ್ನ ಮೇಲಿನ ಸ್ವರಕ್ಕೆ ಸರಿಸಿ ಕೇಳ್ಸಿದ್ರು, ಎಲೆಕ್ಟ್ರೋಡು ಕಾಕ್ಲಿಯಾದ ತುದಿವರೆಗೆ ಹೋಗದೇ ಇದ್ದಾಗ ಆಗೋ ಥರ. ಶುರೂಲಿ ಜನಕ್ಕೆ ಹೆಚ್ಚುಕಮ್ಮಿ ಏನೂ ಅರ್ಥ ಆಗ್ಲಿಲ್ಲ, ಬರೀ ಮೂರು ಗಂಟೆ ಅಭ್ಯಾಸ ಆದ್ಮೇಲೆ ಸುಮಾರು ಮೂರನೇ ಒಂದು ಭಾಗ ಪದಗಳು ಸಿಕ್ಕಿದ್ವು. ನಮ್ಮ ಮಕ್ಕಳು ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾಕ್ಕೊಂಡಿರ್ತಾರೆ, ಅದಕ್ಕೇ ಎದ್ದಿರೋ ಹೊತ್ತೆಲ್ಲಾ ಪ್ರೊಸೆಸರ್ ಕಿವಿ ಮೇಲಿರ್ಲಿ, ಬ್ಯಾಟರಿ ಖಾಲಿ ಅಂತ ಒಂದು ಸಂಜೇನೂ ಹಾಳಾಗದ ಹಾಗೆ ಸ್ಪೇರ್ ಇಟ್ಕೊಳಿ.

ಕೇಳಿ ಬರೆದಿಟ್ಟ ಲಿಸ್ಟ್‌ಗಳನ್ನ ಎಸೀಬೇಡಿ. ಮುಂದಿನ ಮ್ಯಾಪಿಂಗಿಗೆ, ಅಂದ್ರೆ ಪ್ರೊಸೆಸರ್ ಸೆಟ್ಟಿಂಗ್ ಸರಿಮಾಡ್ಸೋಕೆ, ಹೋಗೋವಾಗ ತಗೊಂಡೋಗಿ, ಮಗು ಯಾವ ಯಾವ ಪದ ಕಲಸ್ಕೊಳುತ್ತೆ ಅಂತ ತಾರೀಕು ಹಾಕಿ ಬರೆದಿದ್ರೆ ಇನ್ನೂ ಒಳ್ಳೇದು. ಸಿಮ್ಯುಲೇಶನಲ್ಲಿ ನಮಗೂ ಕಷ್ಟ ಆದ ಜೋಡಿ ಮಗುಗೂ ಕಷ್ಟ ಆದ್ರೆ ಅದು ಅಭ್ಯಾಸ ಕೇಳೋ ವಿಷ್ಯ. ಆದ್ರೆ ನಮಗೆ ನಾಲ್ಕು ಪಟ್ಟೀಲೇ ಸಲೀಸಾಗಿದ್ದು, ಹಾಲು-ಹಲ್ಲು ಥರದ್ದು, ಇಲ್ಲಾ ಬೆಳಗ್ಗೆ ಲಿಂಗ್ ಸದ್ದುಗಳನ್ನ ಹೇಳಿ ನೋಡೋವಾಗಿನ ಸ್, ನಿನ್ನೆವರೆಗೂ ಸರಿಯಾಗಿ ಹೇಳ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ತಪ್ಪೋಕೆ ಶುರು ಮಾಡಿದ್ರೆ ಅಪಾಯಿಂಟ್‌ಮೆಂಟ್ ದಿನದವರೆಗೆ ಕಾಯ್ಬೇಡಿ, ಮೊದ್ಲು ಮೈಕಿನ ಕವರ್, ತಲೆಗೆ ಅಂಟೋ ಕಾಯಿಲ್, ವಯರ್ ನೋಡಿ, ಅದ್ರಲ್ಲಿ ಏನೂ ಸಿಗ್ಲಿಲ್ಲ ಅಂದ್ರೆ ಅವತ್ತೇ ಆಡಿಯಾಲಜಿಸ್ಟಿಗೆ ಫೋನ್ ಮಾಡಿ.